ಎಲ್ಲಕ್ಕೂ ಹೂಂ

ನಮ್ಮ ಕಂಪನಿಯ ನಾಲ್ಕು ಡಬ್ಬಿಗಳು ಸಾಯುತ್ತಿದ್ದವು. ನಾಲ್ಕೂ ಬಾಗಲಕೋಟೆ ಜಿಲ್ಲೆಯಲ್ಲಿ.

ಡಬ್ಬಿ ಎಂದರೆ ಕಂಪ್ಯೂಟರೇ. ರೊಟ್ಟಿ ಬುಟ್ಟಿಯಷ್ಟು ಗಾತ್ರ, ಒಳಗೆ ಲಿನಕ್ಸ್, ಬೆನ್ನಿಗೆ ನಾವೇ ಮಾಡಿಸಿದ ನೆಟ್‌ವರ್ಕ್ ಕಾರ್ಡು. ಆ ಕಾರ್ಡಿಗೆ ಡ್ರೈವರ್ ಬರೆದವನು ನಾನು. ಡ್ರೈವರ್ ಎಂದರೆ ಕಾರ್ಡಿಗೂ ಲಿನಕ್ಸಿನ ತಿರುಳಾದ ಕರ್ನೆಲ್ಲಿಗೂ ನಡುವೆ ನಿಂತು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಸುವ ತುಂಡು ಪ್ರೋಗ್ರಾಮು, ಅಷ್ಟೆ. ಇದನ್ನು ಅವ್ವನಿಗೆ ಹೇಳಿ ಕೆಟ್ಟೆ. ನನಗೆ ಹೆಣ್ಣು ಹುಡುಕುವ ಉಮೇದಿನಲ್ಲಿ ಅವಳು "ನಮ್ಮ ಹುಡುಗ ಬೆಂಗಳೂರಾಗ ಡ್ರೈವರ್ ಬರೀತಾನ" ಎಂದು ಹೇಳಿದ್ದು ಎರಡು ಬಾಯಿ ದಾಟುವಷ್ಟರಲ್ಲಿ "ಡ್ರೈವರ್ ಅದಾನಂತ" ಆಗಿ, ಮುಧೋಳದ ಕಡೆಯ ಒಂದು ಸಂಬಂಧದವರು "ಲಾರೀನೋ ಬಸ್ಸೋ" ಎಂದು ಕೇಳಿ ಕಳಿಸಿದ್ದರು.

2008ರ ಬೇಸಗೆ ಅದು. ಒಂದು ಪತ್ತಿನ ಸಂಘ, ಹೆಸರು ಬೇಡ, ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ ಈ ನಾಲ್ಕು ಶಾಖೆಗಳಿಗೆ ಒಂದೊಂದು ಡಬ್ಬಿ ಕೊಂಡಿತ್ತು. ಸಾವಿನ ಲಕ್ಷಣ ನಾಲ್ಕೂ ಕಡೆ ಒಂದೇ. ಪರದೆ ಇದ್ದಲ್ಲೇ ಕಲ್ಲಾಗುತ್ತದೆ, ಮೌಸು ಅಲುಗುವುದಿಲ್ಲ, ಕೀಲಿಮಣೆಯ ಮೇಲೆ ಕ್ಯಾಪ್ಸ್ ಲಾಕ್, ಸ್ಕ್ರೋಲ್ ಲಾಕಿನ ದೀಪಗಳು ಮಾತ್ರ ಮಿಣಮಿಣ ಹೊಡೆದುಕೊಳ್ಳುತ್ತವೆ. ಕರ್ನೆಲ್ ಗಾಬರಿಬಿದ್ದು ಕೈಚೆಲ್ಲಿದಾಗ ಹಳೇ ಪಿಎಸ್2 ಕೀಲಿಮಣೆಯ ದೀಪ ಮಿಟುಕಿಸಿ ಹಾಗೆ ತಿಳಿಸುತ್ತದೆ. ಆ ಸ್ಥಿತಿಗೆ ಲಿನಕ್ಸಿನವರು ಇಟ್ಟ ಹೆಸರೂ ಗಾಬರಿಯೇ: ಪ್ಯಾನಿಕ್.

ಬೆಂಗಳೂರಿನಲ್ಲಿ ಅಂಥವೇ ಹನ್ನೊಂದು ಡಬ್ಬಿ ಸಾಲಾಗಿಟ್ಟು ಮೂರು ವಾರ ಓಡಿಸಿದೆವು. ಒಂದೂ ಕೆಮ್ಮಲಿಲ್ಲ. ಹಾಗಾಗಿ ತಪ್ಪು ಊರಿನದೇ ಎಂದು ತೀರ್ಮಾನವಾಯಿತು. ಉತ್ತರ ಕರ್ನಾಟಕವೆಂದರೆ ನಮ್ಮ ಆಫೀಸಿನವರಿಗೆ ಬಿಸಿಲು, ಧೂಳು, ಖಾರ, ಈ ಮೂರೇ. ಖಾರವನ್ನು ಬಿಟ್ಟು ಉಳಿದೆರಡರ ಮೇಲೂ ಒಂದೊಂದು ಮೀಟಿಂಗ್ ಆಯಿತು. ಇಳಕಲ್ಲಿನ ಗ್ರಾನೈಟ್ ಧೂಳು ಫ್ಯಾನಿಗೆ ಹೊಕ್ಕಿರಬೇಕೆಂದು ಒಬ್ಬರು, ವೋಲ್ಟೇಜ್ ಏರಿಳಿತವೆಂದು ಇನ್ನೊಬ್ಬರು. ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿ "ನಿಮ್ಮ ಕಡೆಯೇ ಅಲ್ವೇನ್ರೀ, ಒಂದ್ಸಲ ಹೋಗಿ ಬನ್ನಿ" ಎಂದರು. ಡ್ರೈವರೂ ನನ್ನದು, ಊರೂ ನನ್ನದು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಚೀಲದಲ್ಲಿ ಎರಡು ಅಂಗಿ, ಒಂದು ಲ್ಯಾಪ್‌ಟಾಪ್, ಒಂದು ನಲ್ ಮೋಡೆಮ್ ಕೇಬಲ್. ಕೇಬಲ್ ಯಾಕೆಂದರೆ, ಸಾಯುವ ಕರ್ನೆಲ್ ತನ್ನ ಕೊನೆಯ ಮಾತನ್ನು ಹಾರ್ಡ್‌ಡಿಸ್ಕಿಗೆ ಬರೆಯಲಾರದು, ಅಷ್ಟು ತ್ರಾಣ ಇರುವುದಿಲ್ಲ. ಪರದೆಯ ಮೇಲೂ ಅದು ಕಾಣದು, ಅಲ್ಲಿ ಲೆಕ್ಕದ ತಂತ್ರಾಂಶದ ಚಿತ್ರ ಕೂತಿರುತ್ತದೆ. ಹಳೆಯ ಸೀರಿಯಲ್ ಪೋರ್ಟಿನಿಂದ ಮಾತ್ರ ಒಂದೊಂದೇ ಅಕ್ಷರ ಹೊರಗೆ ಉಸಿರಾಡಬಲ್ಲದು. ಹಾಸಿಗೆ ಹಿಡಿದ ಹಿರಿಯರ ಬಾಯಿಗೆ ಕಿವಿಯಿಟ್ಟು ಗಂಟು ಎಲ್ಲಿಟ್ಟಿದ್ದಾರೆಂದು ಕೇಳುವ ಹಾಗೆ, ಆ ತುದಿಗೆ ಲ್ಯಾಪ್‌ಟಾಪ್ ಹಚ್ಚಿ ಕೂರಬೇಕು.

ರೈಲು ಬೆಳಿಗ್ಗೆ ಬಾದಾಮಿಯಲ್ಲಿ ಇಳಿಸಿತು. ಸ್ಟೇಶನ್ನಿನಿಂದ ಊರು ನಾಲ್ಕೈದು ಕಿಲೋಮೀಟರು. ಟಾಂಗಾ ಹತ್ತಿದೆ. ಶಾಖೆಯ ಮ್ಯಾನೇಜರು ನನ್ನನ್ನು ಕಂಡ ಕೂಡಲೇ ಕುರ್ಚಿ ಎಳೆದು ಕೂರಿಸಿ, "ನಿಮಗ ಯಾಕ್ರಿ ತ್ರಾಸ, ನಮಗ ಕಾರಣ ಗೊತ್ತೈತಿ" ಎಂದು ಕಿಟಕಿ ತೋರಿಸಿದರು. ಕಿಟಕಿಯ ಸರಳಿನ ಮೇಲೆ ಕಾರಣ ಕೂತು ಶೇಂಗಾ ಸುಲಿಯುತ್ತಿತ್ತು.

"ಮಂಗ್ಯಾನ ಕಾಟ ಸರ್. ಕೈ ಹಾಕಿ ವಾಯರ್ ಎಳೀತಾವು."

ಬಾದಾಮಿಯ ಮಂಗಗಳ ಬಗ್ಗೆ ಯಾರು ಏನು ಹೇಳಿದರೂ ನಾನು ನಂಬುತ್ತೇನೆ. 543ರಲ್ಲಿ ಒಂದನೇ ಪುಲಕೇಶಿ ಈ ಬಂಡೆಗಳ ಮೇಲೆ ಕೋಟೆ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಆ ಕೋಟೆಗೆ ಪಲ್ಲವರು ನುಗ್ಗಿದರು, ಆಮೇಲೆ ಯಾರು ಯಾರೋ ಬಂದರು, ಹೋದರು. ಹೋಗದೆ ಉಳಿದವು ಇವು. ಆದರೆ ಮಂಗ ವಾಯರು ಎಳೆದರೆ ಕೇಬಲ್ ಕಳಚಿದೆ ಎಂಬ ಒಂದು ಸಾಲಿನ ದೂರು ಬರಬೇಕೇ ಹೊರತು ಕರ್ನೆಲ್ ಸಾಯಬಾರದು. ಇದನ್ನು ವಿವರಿಸಿದೆ. ಮ್ಯಾನೇಜರು ಒಂದು ನೋಟುಬುಕ್ಕು ತೆರೆದು ಮಂಗ ಬಂದ ತಾರೀಖುಗಳನ್ನೂ ಡಬ್ಬಿ ಸತ್ತ ತಾರೀಖುಗಳನ್ನೂ ಎದುರುಬದುರು ಬರೆದಿಟ್ಟದ್ದನ್ನು ತೋರಿಸಿದರು. ಮಂಗ ದಿನಾಲೂ ಬರುತ್ತಿತ್ತಾದ್ದರಿಂದ ತಾಳೆ ಪಕ್ಕಾ ಇತ್ತು.

ದಿನವಿಡೀ ಕೂತೆ. ಡಬ್ಬಿ ಕಲ್ಲುಗುಂಡಿನ ಹಾಗೆ ನಡೆಯಿತು. ಸಂಜೆ ಐದೂವರೆಗೆ ಮ್ಯಾನೇಜರು ಬಂದು, "ಸರ, ನೀವು ಹೊರಗ ಹೋಗಿ ಒಂದ್ ಚಹಾ ಕುಡದು ಬರ್ರಿ, ನಾವು ದಿನದ ಲೆಕ್ಕ ಮುಗಸ್ತೀವಿ" ಎಂದರು. ಎಷ್ಟು ಮರ್ಯಾದೆಯ ಜನ ಎಂದುಕೊಂಡು ಹೋದೆ. ಬರುವಷ್ಟರಲ್ಲಿ ದೀಪ ಮಿಣಮಿಣ ಹೊಡೆಯುತ್ತಿತ್ತು. ಓಡಿ ಲ್ಯಾಪ್‌ಟಾಪ್ ನೋಡಿದರೆ ಅದು ಯಾರೂ ಮುಟ್ಟುತ್ತಿಲ್ಲವೆಂದು ತಾನೂ ನಿದ್ದೆಹೋಗಿತ್ತು. ಒಂದು ಅಕ್ಷರವೂ ದಾಖಲಾಗಿರಲಿಲ್ಲ. "ಹೇಳಿದ್ನಲ್ರಿ" ಎಂದು ಮ್ಯಾನೇಜರು ಕಿಟಕಿ ಕಡೆ ನೋಡಿದರು.

ಬಾಗಲಕೋಟೆಯಲ್ಲಿ ಏನೂ ಆಗಲಿಲ್ಲ. ಎರಡು ದಿನ ಕಾದೆ, ಸಾಯಲಿಲ್ಲ. ಆದರೂ ಆ ಊರಿನ ಬಗ್ಗೆ ಎರಡು ಮಾತು ಹೇಳಬೇಕು.

ಬಾಗಲಕೋಟೆ ಎರಡು. ನೀರಂಚಿನ ಹಳೇ ಊರೊಂದು, ಸೆಕ್ಟರ್ ನಂಬರುಗಳ ನವನಗರ ಇನ್ನೊಂದು. ಆಲಮಟ್ಟಿಯಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಿದ ಮೇಲೆ ಹಿನ್ನೀರು ಘಟಪ್ರಭೆಯನ್ನು ಹಿಂದಕ್ಕೆ ಒತ್ತಿಕೊಂಡು ಬಂದು ಹಳೇ ಊರಿನ ಓಣಿಗಳನ್ನೇ ಉಂಡಿತು. ಶಾಖೆಯ ಗುಮಾಸ್ತರೊಬ್ಬರು ಮುಳುಗಡೆಯವರು. ಅವರಿಗೆ ಈಗಲೂ ಹಳೇ ವಿಳಾಸಕ್ಕೆ ಲಗ್ನಪತ್ರಿಕೆ ಬರುತ್ತವಂತೆ. "ವಿಳಾಸ ಬರೋಬ್ಬರಿ ಇರ್ತತ್ರಿ. ಓಣಿ ಹೆಸರು, ಮನಿ ನಂಬರ, ಎಲ್ಲಾ ಸರಿ. ಮನೀನ ಇಲ್ಲ. ಹೋಗಿ ಬಾಗಿಲಾ ಬಡದರ ಮೀನು ತಗೀಬೇಕು." ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಡ್ರೈವರಿನ ರೋಗದ ಅರ್ಧ ಹೆಸರನ್ನು ಆ ಮನುಷ್ಯ ಅವತ್ತೇ ಹೇಳಿಬಿಟ್ಟಿದ್ದರು. ನನಗೆ ಕೇಳಿಸಲಿಲ್ಲ.

ಇನ್ನೊಂದು ಮಾತು ನಾನು ಓದಿದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನದು. 1963ರ ಕಾಲೇಜು. ಅಲ್ಲಿನ ಪ್ರಯೋಗಶಾಲೆಯಲ್ಲಿ 8085 ಮೈಕ್ರೋಪ್ರೊಸೆಸರಿನ ಕಿಟ್ಟಿನ ಮೇಲೆ ನಾನು ಮೊದಲ ಸಲ ಇಂಟರಪ್ಟ್ ಎಂಬುದನ್ನು ಕೈಯಾರೆ ಮುಟ್ಟಿದ್ದು. ಪ್ರೊಸೆಸರು ತನ್ನ ಕೆಲಸದಲ್ಲಿ ಮುಳುಗಿರುತ್ತದೆ. ಹೊರಗಿನಿಂದ ಯಾರೋ ಕರೆಯುತ್ತಾರೆ. ಕೈಯಲ್ಲಿರುವ ಆಜ್ಞೆಯನ್ನು ಮುಗಿಸಿ, ಎಲ್ಲಿಗೆ ಬಿಟ್ಟೆ ಎಂದು ಗುರುತಿಟ್ಟುಕೊಂಡು, ಕರೆದವರ ಕೆಲಸ ನೋಡಿ ತಿರುಗಿ ಬಂದು ಕೂರುತ್ತದೆ. 8085ಕ್ಕೆ ಅಂಥ ಐದು ಕರೆಗಂಟೆ: ಟ್ರ್ಯಾಪ್, ಆರ್‌ಎಸ್‌ಟಿ 7.5, 6.5, 5.5, ಮತ್ತು ಐಎನ್‌ಟಿಆರ್. ನಾಲ್ಕನ್ನು ಬೇಡವಾದಾಗ ಮುಚ್ಚಿಡಬಹುದು. ಟ್ರ್ಯಾಪನ್ನು ಮಾತ್ರ ಯಾರಿಂದಲೂ ಆಗದು. ಹಾಸ್ಟೆಲಿನಲ್ಲಿ ನಮ್ಮ ನಮ್ಮ ಅವ್ವಂದಿರ ಫೋನಿಗೆ ಟ್ರ್ಯಾಪ್ ಎಂದು ಹೆಸರಿಟ್ಟಿದ್ದೆವು.

ಕರೆಗೆ ಓಗೊಡುವ ಆ ತುಂಡು ಪ್ರೋಗ್ರಾಮಿಗೆ ಇಂಟರಪ್ಟ್ ಹ್ಯಾಂಡ್ಲರ್ ಎಂದು ಹೆಸರು. ಅದರ ನೇಮ ಬಹಳ ಕಟ್ಟುನಿಟ್ಟು. ಬೇಗ ಮುಗಿಸಬೇಕು, ಯಾರಿಗಾಗಿಯೂ ಕಾಯಬಾರದು, ನಿದ್ದೆಯಂತೂ ಮಾಡಲೇಬಾರದು. ದೊಡ್ಡ ಕೆಲಸವಿದ್ದರೆ ಚೀಟಿ ಬರೆದಿಟ್ಟು ಹೊರಡಬೇಕು, ಆಮೇಲೆ ಇನ್ನೊಬ್ಬರು ಮಾಡುತ್ತಾರೆ. ಲಿನಕ್ಸಿನವರು ಈ ಎರಡು ಪಾಲಿಗೆ ಟಾಪ್ ಹಾಫ್, ಬಾಟಮ್ ಹಾಫ್ ಎನ್ನುತ್ತಾರೆ, ಮೇಲರ್ಧ ಮತ್ತು ಕೆಳಗಿನರ್ಧ. ಹೆಸರಿಟ್ಟವರು ಇಳಕಲ್ಲಿನ ಕುಣಿಮಗ್ಗ ನೋಡಿರಲಿಕ್ಕಿಲ್ಲ. ಅವ್ವ ಮಗ್ಗದಲ್ಲಿ ಕೂತಾಗ ಸೊಂಟದ ಕೆಳಗಿನದೆಲ್ಲ ಕುಣಿಯೊಳಗೆ, ಮೇಲಿನದು ನೆಲದ ಮೇಲೆ. ನೂಲಿನವನು ಬಂದು ಬಾಗಿಲಲ್ಲಿ ಕೂಗಿದರೆ ಲಾಳಿ ಆ ದಡ ಮುಟ್ಟುವವರೆಗೆ ಅವಳು ತಲೆಯೆತ್ತುವುದಿಲ್ಲ. ಮುಟ್ಟಿದ ಮೇಲೆ ಕತ್ತು ತಿರುಗಿಸಿ, "ಅಲ್ಲೇ ಇಟ್ಟು ಹೋಗಪಾ" ಎಂದು ಮತ್ತೆ ಲಾಳಿ ಒಗೆಯುತ್ತಾಳೆ. ತೂಕ, ಲೆಕ್ಕ, ಜಗಳ ಎಲ್ಲ ಸಂಜೆ ಕುಣಿಯಿಂದ ಎದ್ದ ಮೇಲೆ. ಮಗ್ಗದ ಜಾಕಾರ್ಡಿನಿಂದಲೇ ಕಂಪ್ಯೂಟರ್ ಹುಟ್ಟಿತೆಂಬ ಕತೆಯನ್ನು ಇಳಕಲ್ಲಿನವನಾದ ನಾನು ಹೇಳಲೇಬೇಕೆಂದು ಬೆಂಗಳೂರಿನ ಗೆಳೆಯರ ಒತ್ತಾಯ. ಅವ್ವನ ಮಗ್ಗದಲ್ಲಿ ಜಾಕಾರ್ಡೇ ಇರಲಿಲ್ಲ.

ಇಂಟರಪ್ಟಿಗೆ ಹೆದರಿದವನು ನಾನೊಬ್ಬನೇ ಅಲ್ಲ. ಹಾಲೆಂಡಿನಲ್ಲಿ 1950ರ ದಶಕದ ಕೊನೆಗೆ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಂಬಿಬ್ಬರು ಎಲೆಕ್ಟ್ರೊಲಾಜಿಕಾ ಎಕ್ಸ್1 ಎಂಬ ಯಂತ್ರಕ್ಕೆ ಇಂಟರಪ್ಟ್ ಇಡೋಣವೆಂದಾಗ, ಅದರ ಪ್ರೋಗ್ರಾಮು ಬರೆಯಬೇಕಿದ್ದ ಎಡ್ಸ್‌ಗರ್ ಡೈಕ್‌ಸ್ಟ್ರಾ ಬೆಚ್ಚಿಬಿದ್ದನಂತೆ. ಕರೆ ಯಾವ ಗಳಿಗೆಯಲ್ಲಿ ಬರುತ್ತದೋ ಗೊತ್ತಿಲ್ಲದ ಮೇಲೆ, ಒಮ್ಮೆ ಆದ ತಪ್ಪು ಮತ್ತೆ ಅದೇ ಥರ ಆಗಬೇಕೆಂದೇನಿಲ್ಲ. ಮತ್ತೆ ಆಗದ ತಪ್ಪನ್ನು ಹಿಡಿಯುವುದು ಹೇಗೆ? ಕೊನೆಗೆ ಒಪ್ಪಿದ, ಬರೆದ, 1959ರಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪಡೆದ. ನನಗೆ ಡಾಕ್ಟರೇಟ್ ಬೇಡವಾಗಿತ್ತು. ಬಾಗಲಕೋಟೆಯ ಡಬ್ಬಿ ಒಂದೇ ಒಂದು ಸಲ ನನ್ನೆದುರು ಸತ್ತಿದ್ದರೆ ಸಾಕಿತ್ತು.

ಬಸ್ಸು ಅಮೀನಗಡದಲ್ಲಿ ನಿಂತಾಗ ಅವ್ವನಿಗೆಂದು ಕರದಂಟಿನ ಡಬ್ಬಿ ಕೊಂಡು ಹುನಗುಂದಕ್ಕೆ ಹೋದೆ.

ಹುನಗುಂದದ ಶಾಖೆ ನಡೆಸುತ್ತಿದ್ದವರು ಐವತ್ತು ದಾಟಿದ ಹೆಣ್ಣುಮಗಳು. ಕುಂಕುಮ ಕಾಸಿನಗಲ, ಮಾತು ಖಡಕ್. "ಯಾವೂರು?" ಎಂದರು. ಬೆಂಗಳೂರಿನಿಂದ ಬಂದೆ ಎಂದೆ. "ಬಂದದ್ದು ಕೇಳಲಿಲ್ಲ, ಊರು ಕೇಳಿದೆ." ಇಳಕಲ್ ಎಂದೆ. ಅಷ್ಟಕ್ಕೇ ನಾನು "ಸರ್" ಇದ್ದವನು "ತಮ್ಮಾ" ಆದೆ, ಅವರು "ಅಕ್ಕಾರು" ಆದರು, ಚಹಾ ಹೋಗಿ ತಟ್ಟೆಯಲ್ಲಿ ರೊಟ್ಟಿ ಬಂತು.

"ಇದಕ್ಕ ಸಂತಿ ಆಗಿಬರಂಗಿಲ್ಲ ತಮ್ಮಾ" ಎಂದರು ಡಬ್ಬಿ ತೋರಿಸಿ. "ಸಂತಿ ದಿನಾನ ಸಾಯ್ತೈತಿ. ಉಳಕಿ ದಿನ ಏನಿಲ್ಲ."

ಮಂಗನ ಲೆಕ್ಕಕ್ಕಿಂತ ಇದು ಮೇಲು. ಸಂತೆಯ ದಿನ ಏನು ಹೆಚ್ಚು? ಗಿರಾಕಿ ಹೆಚ್ಚು, ಹಾಗಾಗಿ ಪ್ಯಾಕೆಟ್ಟು ಹೆಚ್ಚು, ಹಾಗಾಗಿ ಕರೆ ಹೆಚ್ಚು ಎಂದು ಲೆಕ್ಕ ಹಾಕಿದೆ. ಆದರೆ ಸಂತೆಯ ಗದ್ದಲ ಎಷ್ಟಾದರೂ ಎಷ್ಟು? ಗಿಗಾಬಿಟ್ ತಂತಿಯ ಮೇಲೆ ತುಂಬು ಗಾತ್ರದ ಪ್ಯಾಕೆಟ್ಟುಗಳು ಸೆಕೆಂಡಿಗೆ 81,000ದಷ್ಟು ಬರಬಹುದು, ಅತಿ ಚಿಕ್ಕವಾದರೆ 14.88 ಲಕ್ಷ. ಒಂದೊಂದಕ್ಕೂ ಗಂಟೆ ಬಾರಿಸಿದರೆ ಪ್ರೊಸೆಸರು ಬಾಗಿಲು ತೆರೆದು ಮುಚ್ಚುವುದರಲ್ಲೇ ಸಾಯುತ್ತದೆ. ಅದಕ್ಕೇ 2001ರಲ್ಲಿ ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸೀ ಕುಜ್ನೆತ್ಸೋವ್ ಎಂಬ ಮೂವರು ಲಿನಕ್ಸಿಗೆ ಒಂದು ಉಪಾಯ ಬರೆದು ತೋರಿಸಿದರು. ಮೊದಲ ಕರೆಗೆ ಓಗೊಟ್ಟು ಕಾರ್ಡಿಗೆ "ಇನ್ನು ನೀ ಕೂಗಬ್ಯಾಡ, ನಾನೇ ಆಗಾಗ ಬಂದು ನೋಡ್ತೀನಿ" ಎನ್ನುವುದು, ಸಂದಣಿ ಕರಗಿದ ಮೇಲೆ ಮತ್ತೆ ಕೂಗುವ ಅನುಮತಿ ಕೊಡುವುದು. ನನ್ನ ಡ್ರೈವರಿನಲ್ಲೂ ಅದೇ ಇತ್ತು. ಬೆಂಗಳೂರಿನಲ್ಲಿ ಸಂತೆಗಿಂತ ಸಾವಿರ ಪಟ್ಟು ಗದ್ದಲ ಕೊಟ್ಟಿದ್ದೆವು.

ಸಂಜೆಯಾಯಿತು. ಅಕ್ಕಾರು ನನ್ನನ್ನು ಚಹಾಕ್ಕೆ ಕಳಿಸಲಿಲ್ಲ, ಆದರೆ ಸುಮ್ಮನೆ ಚಡಪಡಿಸಿದರು. ಎರಡು ಸಲ ಗಡಿಯಾರ ನೋಡಿದರು. ಆಮೇಲೆ ಏನೋ ನಿಶ್ಚಯ ಮಾಡಿದವರಂತೆ ಎಲೆ ಅಡಿಕೆಯ ಸಂಚಿ ಬಿಚ್ಚಿ, ಅಡಿಕೆ ಚೂರುಗಳ ನಡುವಿನಿಂದ ಒಂದು ಪೆನ್ ಡ್ರೈವ್ ತೆಗೆದರು.

"ಮ್ಯಾಲಿನ ಸಾಹೇಬ್ರಿಗೆ ಹೇಳಬ್ಯಾಡಪಾ."

ಪೆನ್ ಡ್ರೈವ್ ಹಾಕಕೂಡದೆಂದು ಸಂಘದ ಸುತ್ತೋಲೆ ಇತ್ತು. ಆದರೆ ಹಳೆಯ ಕಂಪ್ಯೂಟರೊಂದು ಯಾವಾಗಲೋ ಮೂರು ದಿನದ ಲೆಕ್ಕ ನುಂಗಿ ನೀರು ಕುಡಿದಿತ್ತು. ಅವತ್ತಿನಿಂದ ನಾಲ್ಕೂ ಶಾಖೆಯವರು ಫೋನಿನಲ್ಲಿ ಮಾತಾಡಿಕೊಂಡು, ದಿನ ಮುಗಿಯುವಾಗ ಗುಟ್ಟಾಗಿ ಒಂದು ನಕಲು ತೆಗೆದಿಡುತ್ತಿದ್ದರು. ನನಗೆ ಬಾದಾಮಿಯ ಚಹಾದ ರುಚಿ ನೆನಪಾಯಿತು. ಬಾಗಲಕೋಟೆಯಲ್ಲಿ ಎರಡು ದಿನ ನಾನು ಕದಲದೆ ಕೂತಿದ್ದೆ, ಹಾಗಾಗಿ ಅವರು ನಕಲು ತೆಗೆಯಲೇ ಇಲ್ಲ, ಹಾಗಾಗಿ ಡಬ್ಬಿ ಸಾಯಲೂ ಇಲ್ಲ.

ಅಕ್ಕಾರು ಪೆನ್ ಡ್ರೈವ್ ಚುಚ್ಚಿ, ನಕಲು ಹಚ್ಚಿ, ಅದು ಮುಗಿಯುವುದನ್ನು ಕಾಯದೆ ಪರದೆಯ ಮೇಲಿನ "ದಿನ ಮುಕ್ತಾಯ" ಗುಂಡಿ ಒತ್ತಿದರು. ಸಂತೆಯ ದಿನದ ಲೆಕ್ಕ ದೊಡ್ಡದು, ನಕಲು ನಿಧಾನ. ಆ ಗುಂಡಿ ಮಾಡುವ ಕೆಲಸಗಳಲ್ಲಿ ಒಂದು, ರಾತ್ರಿಗೆಂದು ನೆಟ್‌ವರ್ಕ್ ಬಂದ್ ಮಾಡುವುದು. ದೀಪ ಮಿಣಮಿಣ ಶುರುವಾಯಿತು. ನನ್ನ ಲ್ಯಾಪ್‌ಟಾಪ್ ಈ ಸಲ ಎಚ್ಚರವಿತ್ತು, ಆದರೆ ಕರೆಂಟ್ ಹೋಗಿ ಬರುವ ಗಡಿಬಿಡಿಯಲ್ಲಿ ಕೇಬಲ್ ಅರ್ಧ ಕಳಚಿತ್ತು. ಎರಡು ಸಾಲು ಮಾತ್ರ ಬಂದಿದ್ದವು. ಇಂಟರಪ್ಟಿನೊಳಗೆ ಸತ್ತಿದೆ ಎನ್ನುವುದಷ್ಟೇ ತಿಳಿಯಿತು.

ಡಬ್ಬಿಯನ್ನು ಎಬ್ಬಿಸಿ, ಯಾವ ಗಂಟೆ ಯಾರದೆಂದು ಬರೆದಿರುವ ಪಟ್ಟಿ ತೆಗೆದು ನೋಡಿದೆ. ಹನ್ನೊಂದನೇ ಗಂಟೆಯ ಮುಂದೆ ಎರಡು ಹೆಸರು: ನನ್ನ ಕಾರ್ಡು, ಯುಎಸ್‌ಬಿ. ಹಳೇ ಕಂಪ್ಯೂಟರುಗಳಲ್ಲಿ ಗಂಟೆಗಳು ಕಮ್ಮಿ. ಹಾಗಾಗಿ ಇಬ್ಬರು ಮೂವರು ಒಂದೇ ಗಂಟೆಯನ್ನು ಹಂಚಿಕೊಳ್ಳುವುದು ರೂಢಿ. ಗಂಟೆ ಬಾರಿಸಿದಾಗ ಕರ್ನೆಲ್ಲಿಗೆ ಯಾರೆಂದು ಗೊತ್ತಾಗದು. ಪಟ್ಟಿಯಲ್ಲಿರುವ ಎಲ್ಲ ಹ್ಯಾಂಡ್ಲರುಗಳನ್ನೂ ಸಾಲಾಗಿ ಎಬ್ಬಿಸುತ್ತದೆ. ಒಬ್ಬೊಬ್ಬರೂ ತಮ್ಮ ತಮ್ಮ ಕಾರ್ಡನ್ನು "ನೀನೇನು ಕರೆದದ್ದು?" ಎಂದು ಕೇಳಿ, ಅಲ್ಲವಾದರೆ "ನಮ್ಮದಲ್ಲ" ಎಂದು ಸುಮ್ಮನಾಗಬೇಕು.

ನಲವತ್ತು ದಾಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪತ್ರದ ಮೇಲೆ ಫೋನ್ ನಂಬರು ಬರೆದು ಪಕ್ಕದಲ್ಲಿ ಪಿ.ಪಿ. ಎಂದು ಹಾಕುತ್ತಿದ್ದ ಕಾಲ. ಫೋನು ಒಬ್ಬರ ಮನೆಯದು, ಕರೆ ಇಡೀ ಓಣಿಯದು. ನಮ್ಮ ಓಣಿಯ ಪಿ.ಪಿ. ನಂಬರು ನಮ್ಮ ಮನೆಯದೇ ಆಗಿತ್ತು. ಪಡಸಾಲಿಯಲ್ಲಿ ಫೋನು, ಫೋನಿನ ಪಕ್ಕದಲ್ಲಿ ಅಜ್ಜ.

ಇಳಕಲ್ ಶಾಖೆಯವನು ನನ್ನ ಜೋಡಿ ಕನ್ನಡ ಸಾಲಿಗೆ ಹೋದವನು. ಶನಿವಾರ ಸಂಜೆ ಡಬ್ಬಿಯನ್ನೇ ಆಟೋದಲ್ಲಿ ಹಾಕಿ ಮನೆಗೆ ಕಳಿಸಿಕೊಟ್ಟ. ಮಗ್ಗದ ಮನೆಯಲ್ಲಿ, ಅರ್ಧ ನೇಯ್ದ ಸೀರೆಯ ಪಕ್ಕದಲ್ಲಿ, ಡಬ್ಬಿ ಹೂಡಿ ಕೇಬಲ್ಲನ್ನು ನೂಲಿನಿಂದ ಬಿಗಿದು ಕಟ್ಟಿದೆ. ಪೆನ್ ಡ್ರೈವಿಗೆ ನಕಲು ಹಚ್ಚಿ ನೆಟ್‌ವರ್ಕ್ ಬಂದ್ ಮಾಡಿದೆ. ಎರಡನೇ ಸಲಕ್ಕೆ ಸತ್ತಿತು. ಈ ಸಲ ಪೂರ್ತಿ ಬಾಯಿ ಬಿಟ್ಟು ಸತ್ತಿತು.

ಸತ್ತ ಜಾಗ ನನ್ನ ಹ್ಯಾಂಡ್ಲರೇ. ಅದರಲ್ಲಿ ಅನುಮಾನ ಉಳಿಯಲಿಲ್ಲ. ಸಾಯುವಾಗ ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಏನಿತ್ತೆಂಬ ಪಟ್ಟಿಯಲ್ಲಿ ಮೊದಲನೆಯದು, ಇಎಎಕ್ಸ್, ಎಂಟು ಎಫ್‌ಗಳು. ಕಾರ್ಡನ್ನು "ನೀನೇನು ಕರೆದದ್ದು?" ಎಂದು ಕೇಳಿದ ಪ್ರಶ್ನೆಗೆ ಬಂದ ಉತ್ತರ ಅದು. ಆ ಉತ್ತರದಲ್ಲಿ ಮೂವತ್ತೆರಡು ಬಿಟ್ಟುಗಳು, ಒಂದೊಂದೂ ಒಂದು ಪ್ರಶ್ನೆ. ಪ್ಯಾಕೆಟ್ ಬಂತೇನು? ಕಳಿಸಿದ್ದು ಹೋಯಿತೇನು? ಕೇಬಲ್ ಕಿತ್ತಿತೇನು? ಒಂದು ಎಂದರೆ ಹೌದು, ಸೊನ್ನೆ ಎಂದರೆ ಇಲ್ಲ. ಒಂದು ಎಫ್ ಎಂದರೆ ಸಾಲಾಗಿ ನಾಲ್ಕು ಒಂದು, ಎಂಟು ಎಫ್ ಎಂದರೆ ಮೂವತ್ತೆರಡಕ್ಕೂ ಹೌದು. ಕೇಬಲ್ ಕಿತ್ತಿದೆಯೂ ಹೌದು, ಪ್ಯಾಕೆಟ್ ಬಂದಿದೆಯೂ ಹೌದು. ಯಾವ ಕಾರ್ಡೂ ಎಚ್ಚರವಿದ್ದಾಗ ಹೀಗೆ ಹೇಳದು. ಮಲಗಿರುವ, ಸತ್ತಿರುವ ಅಥವಾ ಇಲ್ಲವೇ ಇಲ್ಲದ ಕಾರ್ಡನ್ನು ಮಾತಾಡಿಸಿದರೆ, ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ತಂತಿಯ ಮೇಲೆ ಕೇಳಿಸುವ ದನಿ ಇದು.

ನಾನು ತಲೆಯೆತ್ತಿ ಗೋಡೆಯ ಮೇಲಿನ ಅಜ್ಜನ ಫೋಟೋ ನೋಡಿದೆ.

ಮಗ್ಗದ ಸದ್ದಿನಲ್ಲಿ ಅಜ್ಜನ ಕಿವಿ ಅರ್ಧ ಹೋಗಿತ್ತು. ಮಧ್ಯಾಹ್ನ ಉಂಡ ಮೇಲೆ ಉಳಿದರ್ಧವೂ ಇರುತ್ತಿರಲಿಲ್ಲ. ಆದರೂ ಫೋನು ಬಾರಿಸಿದರೆ ಕೈ ತಾನಾಗಿ ಹೋಗಿ ಎತ್ತುತ್ತಿತ್ತು. ಒಂದು ಮಧ್ಯಾಹ್ನ ಓಣಿಯ ಒಬ್ಬ ಮುದುಕಿಯ ಅಣ್ಣನ ಮಗ ಹುನಗುಂದದಿಂದ ಮಾಡಿದ. ಮುದುಕಿಗೆ ಎರಡು ದಿನ ಜ್ವರ.

"ಅಜ್ಜಾ, ಅತ್ತಿ ಆರಾಮ ಅದಾಳೇನು?" "ಹೂಂ." "ಜಡ್ಡು ಭಾಳ ಆಗೇತಿ ಅಂದ್ರು?" "ಹೂಂ." "ಅಜ್ಜಾ, ಖರೆ ಹೇಳು, ಹೋದಳೇನು?" "ಹೂಂ." "ಅಯ್ಯ ಶಿವನೇ! ಮಣ್ಣು ಇವತ್ತ ಏನು?" "ಹೂಂ."

ಐದು ಗಂಟೆಗೆ ಹುನಗುಂದದಿಂದ ಒಂದು ಟೆಂಪೋ ತುಂಬ ನೆಂಟರು ಎದೆ ಬಡಿದುಕೊಳ್ಳುತ್ತ ಇಳಿದರು. ಮುದುಕಿ ಕಟ್ಟೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು. ಯಾರು ಸತ್ತದ್ದೆಂದು ಅವಳೂ ಅಳಲು ಶುರುಮಾಡಿದಳು. ವಿಷಯ ತಿಳಿದ ಮೇಲೆ ಅವರ ಕೈಯಲ್ಲಿದ್ದ ಹಾರ ನೋಡಿ, "ರೊಕ್ಕ ಕೊಟ್ಟು ತಂದೀರಿ, ಯಾಕ ಕೆಡಸ್ತೀರಿ" ಎಂದು ತಾನೇ ಕೊರಳಿಗೆ ಹಾಕಿಸಿಕೊಂಡಳು. ಆಮೇಲೆ ಆರು ವರ್ಷ ಬದುಕಿದಳು.

ಅಂದಿನಿಂದ ಅವ್ವ ಫೋನು ಮಾಡುವವರಿಗೆಲ್ಲ ಒಂದು ನೇಮ ಹಾಕಿದಳು. ಅಜ್ಜ ಎತ್ತಿದರೆ ಮೊದಲು "ಅಜ್ಜಾ, ನೀ ಗಂಡೋ ಹೆಣ್ಣೋ?" ಎಂದು ಕೇಳಬೇಕು. ಎಚ್ಚರವಿದ್ದರೆ ಬೈಯುತ್ತಾನೆ, ಮುಂದೆ ಮಾತಾಡಬಹುದು. "ಹೂಂ" ಅಂದರೆ ಮಲಗಿದ್ದಾನೆ, ಇಟ್ಟುಬಿಡಬೇಕು.

ಉಳಿದದ್ದು ಬಿಚ್ಚಿಕೊಳ್ಳಲು ಹತ್ತು ನಿಮಿಷ ಸಾಕಾಯಿತು. ನೆಟ್‌ವರ್ಕ್ ತೆರೆಯುವಾಗ ನನ್ನ ಡ್ರೈವರು ಮೂರು ಕೆಲಸ ಮಾಡುತ್ತಿತ್ತು. ಪ್ಯಾಕೆಟ್ಟಿಗೆಂದು ಮೆಮೊರಿಯಲ್ಲಿ ಜಾಗ ಹಿಡಿಯುವುದು, ಕಾರ್ಡನ್ನು ಎಬ್ಬಿಸುವುದು, ಗಂಟೆಯ ಪಟ್ಟಿಗೆ ಹೆಸರು ಬರೆಸುವುದು. ಮುಚ್ಚುವಾಗ ಇದನ್ನೇ ತಿರುಗುಮುರುಗಾಗಿ ಮಾಡಬೇಕು. ನಾನು ಅದೇ ಸಾಲಿನಲ್ಲಿ ಮಾಡಿದ್ದೆ. ಅಂಗಿಯ ಮೇಲೆ ಕೋಟು ತೊಟ್ಟವನು ಬಿಚ್ಚುವಾಗಲೂ ಅಂಗಿಯಿಂದಲೇ ಶುರುಮಾಡಿದ ಹಾಗೆ. ಕಾರ್ಡಿಗೆ ಮೊದಲೇ ಬಾಯಿ ಮುಚ್ಚಿಸಿದ್ದೆನಲ್ಲ, ಇನ್ನು ಯಾರು ಕರೆಯುತ್ತಾರೆ ಎಂಬ ಧೈರ್ಯ. ಮೆಮೊರಿ ಬಿಟ್ಟುಕೊಟ್ಟೆ, ಕಾರ್ಡನ್ನು ಮಲಗಿಸಿದೆ. ಮಲಗಿಸಿದ ಮೇಲೆ 10 ಮಿಲಿಸೆಕೆಂಡ್ ಕಾಯಬೇಕೆಂದು ಪಿಸಿಐ ನೇಮ, ಕಾದೆ. ಹೆಸರು ಇನ್ನೂ ಪಟ್ಟಿಯಲ್ಲೇ ಇತ್ತು. ಯುಎಸ್‌ಬಿ ಮಿಲಿಸೆಕೆಂಡಿನ ಲೆಕ್ಕದಲ್ಲಿ ಬದುಕುವ ಪ್ರಾಣಿ. ನಕಲು ನಡೆಯುತ್ತಿದ್ದರೆ ಆ ಹತ್ತರಲ್ಲಿ ಒಂದು ಸಲವಾದರೂ ಗಂಟೆ ಬಾರಿಸದೆ ಬಿಡದು. ಕರೆ ಪಕ್ಕದ ಮನೆಯವರದು. ಕರ್ನೆಲ್ ನನ್ನ ಹ್ಯಾಂಡ್ಲರನ್ನೂ ಎಬ್ಬಿಸಿತು, ಹ್ಯಾಂಡ್ಲರು ಮಲಗಿದ ಕಾರ್ಡನ್ನು ಕೇಳಿತು, ಕಾರ್ಡು ಹೂಂ ಅಂದಿತು. ಪ್ಯಾಕೆಟ್ ಬಂದಿದೆಯಂತೆ ಎಂದು ಹ್ಯಾಂಡ್ಲರು ಹಳೇ ವಿಳಾಸ ಹಿಡಿದು ಹೋಯಿತು. ವಿಳಾಸ ಬರೋಬ್ಬರಿ ಇತ್ತು, ಮನೆ ಇರಲಿಲ್ಲ. ಬಾಗಲಕೋಟೆಯ ಗುಮಾಸ್ತರು ಹೇಳಿದ ಮೀನು ಬಾಗಿಲು ತೆಗೆದಿತ್ತು.

ಬೆಂಗಳೂರಿನಲ್ಲಿ ಮೂರು ವಾರ ಓಡಿಸಿ ನೋಡಿದ್ದೆವು. ನಿಲ್ಲಿಸಿ ನೋಡಿರಲಿಲ್ಲ. ನಾಚಿಕೆಯ ಮಾತೆಂದರೆ, ಇಂಥವರಿಗಾಗಿಯೇ ಲಿನಕ್ಸಿನಲ್ಲಿ ಒಂದು ಪರೀಕ್ಷೆ ಆಗಲೇ ಇತ್ತು. ಅದನ್ನು ಚಾಲೂ ಮಾಡಿದರೆ, ಹಂಚಿಕೊಂಡ ಗಂಟೆಗೆ ಹೆಸರು ಬರೆಸಿದ ಕೂಡಲೇ ಒಂದು, ಅಳಿಸುವಾಗ ಒಂದು, ಕರ್ನೆಲ್ ತಾನೇ ಸುಳ್ಳು ಕರೆ ಮಾಡಿ ಹ್ಯಾಂಡ್ಲರಿಗೆ ಎಚ್ಚರವಿದೆಯೋ ಎಂದು ನೋಡುತ್ತದೆ. ಅವ್ವನ "ಗಂಡೋ ಹೆಣ್ಣೋ" ಅದು. ನಾನು ಚಾಲೂ ಮಾಡಿರಲಿಲ್ಲ.

ತಿದ್ದಿದ್ದು ಎರಡು ಕಡೆ. ಮುಚ್ಚುವ ಸಾಲನ್ನು ತಿರುಗುಮುರುಗು ಮಾಡಿದೆ, ಮೊದಲು ಪಟ್ಟಿಯಿಂದ ಹೆಸರು ತೆಗೆಸುವುದು. ಹ್ಯಾಂಡ್ಲರಿನ ಬಾಗಿಲಲ್ಲೇ, ಉತ್ತರ ಎಂಟು ಎಫ್ ಆದರೆ "ನಮ್ಮದಲ್ಲ" ಎಂದು ಮರಳುವ ಒಂದು ಸಾಲು ಸೇರಿಸಿದೆ. ನಕಲು ಹಚ್ಚಿ, ನೆಟ್‌ವರ್ಕ್ ತೆರೆದು ಮುಚ್ಚುವ ಆಟವನ್ನು ಐನೂರು ಸಲ ತಾನೇ ಆಡಿಕೊಳ್ಳುವಂತೆ ಬಿಟ್ಟು, ಗೋಡೆಗೊರಗಿ ಎಣಿಕೆ ನೋಡುತ್ತ ಕೂತೆ. ನಲವತ್ತು. ನೂರಾ ಹತ್ತು. ಮೂರು ದಿನದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಅಡುಗೆಮನೆಯಿಂದ ಅವ್ವ ಆಗಾಗ ಏನೋ ಕೇಳುತ್ತಿದ್ದಳು. ಇನ್ನೂರ ಅರವತ್ತರವರೆಗೆ ನನಗೆ ನೆನಪಿದೆ.

ಎಚ್ಚರಾದಾಗ ಬೆಳಕು ಹರಿದಿತ್ತು. ಪರದೆಯ ಮೇಲೆ ಐನೂರು ಎಂದಿತ್ತು, ಡಬ್ಬಿ ಜೀವಂತ. ಮೈಮೇಲೆ ಯಾರೋ ಕೌದಿ ಹೊದಿಸಿದ್ದರು. ಬಾಗಿಲಲ್ಲಿ ಅವ್ವ ತೋಪತೆನಿ ಸೆರಗಿನ ಹೊಸ ಸೀರೆ ಉಟ್ಟು, ನಾನು ತಂದ ಕರದಂಟಿನ ಡಬ್ಬಿಯನ್ನು ಚೀಲಕ್ಕೆ ಇಡುತ್ತಿದ್ದಳು.

"ಏಳು, ಜಳಕಾ ಮಾಡು. ಒಂಬತ್ತರ ಬಸ್ಸಿಗೆ ಹೋಗೂಣು."

"ಎಲ್ಲಿಗವ್ವಾ?"

"ಗುಳೇದಗುಡ್ಡಕ್ಕ. ಹುಡುಗೀ ನೋಡಾಕ. ರಾತ್ರಿ ಕೇಳಿದ್ರ ಹೂಂ ಅಂದೆಲ್ಲ."

"ನಾನು ನಿದ್ದಿಗಣ್ಣಾಗ ಅಂದಿರಬೇಕು."

"ಅದು ನನಗ ಗೊತ್ತಿಲ್ಲೇನು? ಮೊದಲ ರೊಟ್ಟಿ ಬೇಕೋ ಅನ್ನ ಬೇಕೋ ಅಂತ ಕೇಳಿದೆ, ಹೂಂ ಅಂದಿ. ಆಮ್ಯಾಲ ಗುಳೇದಗುಡ್ಡದ್ದು ತಗದೆ."